ಶುಶ್ರೂಷಾಶಬ್ದವಿಚಾರ

ರೋಗಿಗಳ ಸೇವೆಗೆ ಕನ್ನಡದಲ್ಲಿ ‘ಶುಶ್ರೂಷೆ’ ಎಂಬ ಶಬ್ದವು ರೂಢವಾಗಿರುವುದು ವಾಚಕಮಹಾಶಯರಿಗೆ ವಿದಿತವೇ ಆಗಿದೆ. ಶ್ರವಣಾರ್ಥಕವಾದ ‘ಶ್ರು’ ಧಾತುವಿಗೆ ಇಚ್ಛಾರ್ಥದಲ್ಲಿ ಸನ್ ಪ್ರತ್ಯಯವು ಬಂದು ಸಿದ್ಧವಾದ ಈ ಶಬ್ದಕ್ಕೆ ‘ಕೇಳುವ ಇಚ್ಛೆ’ ಎಂಬುದೇ ಯೋಗಾರ್ಥವು, ಸೇವೆಯೆಂಬುದು ರೂಢ್ಯರ್ಥವು. ರೂಢಿಯು ಯೋಗವನ್ನು ಮರೆಯಿಸಿದುದರಿಂದ ಆಗಿರುವ ಹಾನಿಯನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಚರಕಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ವೈದ್ಯ, ದ್ರವ್ಯ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿ, ಒಂದೊಂದಕ್ಕೂ ನಾಲ್ಕು ಗುಣಗಳನ್ನು ಎಣಿಸಿದೆ. ಪರಿಚಾರಕನಿಗೆ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶುಚಿತ್ವ. ರೋಗಿಗೆ ಸ್ಮೃತಿ, ಹೇಳಿದಂತೆ ನಡೆಯುವಿಕೆ, ನಿರ್ಭೀತಿ, ಜ್ಞಾಪಕತ್ವ. ಜ್ಞಾಪಕತ್ವವೆಂದರೆ ತನ್ನ ವ್ಯಾಧಿಯನ್ನು ತಿಳಿಯಹೇಳುವ ಶಕ್ತಿ. ತಿಳಿಸುವ ಹೊಣೆಯನ್ನು ರೋಗಿಯ ಮೇಲಿಟ್ಟ ಆಚಾರ್ಯನು, ತಿಳಿದುಕೊಳ್ಳುವ ಹೊಣೆಯನ್ನು ಪರಿಚಾರಕನ ಗುಣಗಳಲ್ಲಿ ಎಣಿಸಲಿಲ್ಲ. ಗ್ರಂಥದ ಮಹತ್ತ್ವಕ್ಕೆ ಇದರಿಂದ ಕುಂದಿಲ್ಲವಾದರೂ ಇದು ನ್ಯೂನತೆಯೆಂದು ಹೇಳಲು ಸಂಕೋಚಪಡಬೇಕಾಗಿಲ್ಲ. ಅದು ಅನುರಾಗದಲ್ಲಿಯೇ ಅಂತರ್ಭೂತವಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಅನುಭವವು ಹಾಗೆ ಹೇಳುವುದಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಗರತಿಯು ಬಸುರಿಯನ್ನು ಕುರಿತು ‘ಹೊಟ್ಟೀಲೆ ಅದಾಳ’ ಎನ್ನುವಳು. ಮುಟ್ಟಾದವಳನ್ನು ಕುರಿತು ‘ಹೊರಗಾಗ್ಯಾಳ’ ಎನ್ನುವಳು. ಎಲ್ಲ ರೋಗಗಳಿಗೂ ‘ಆರಾಮಿಲ್ಲ’ ಎಂದೊಂದೇ ಮಾತು. ಆಲಂಕಾರಿಕರು ಪರ್ಯಾಯೋಕ್ತವೆಂದು ಕೊಂಡಾಡುವ ಮಾರ್ಗವೇ ಇದು. ಲಜ್ಜೆಯು ಇಲ್ಲಿ ಕವಿಯ ಕೆಲಸವನ್ನು ಮಾಡಿದೆ. ಒಮ್ಮೆ ಒಂದು ಆಸ್ಪತ್ರೆಯಲ್ಲಿ ನಾನು ಕುಳಿತಿದ್ದಾಗ ಅತ್ತೆಯೊಬ್ಬಳು ಸೊಸೆಯನ್ನು ಕುರಿತು ಮೊದಲನೆಯ ಮಾತನ್ನಾಡಿದಳು. ದೂರದ ಜಿಲ್ಲೆಯಿಂದ ಬಂದಿದ್ದ ತರುಣ ದಾದಿಯು ಅದನ್ನು ಹೊಟ್ಟೆಬೇನೆಯೆಂದು ಬರೆದುಕೊಂಡಳು. ಪಕ್ಕದಲ್ಲಿದ್ದ ಮುದುಕಿಯು ನಕ್ಕು ತಿದ್ದದಿದ್ದರೆ ಆ ಗರ್ಭಿಣಿಗೆ ಯಾವ ಔಷಧವು ಸಲ್ಲುತ್ತಿತ್ತೋ! ದಾದಿಯು ದಕ್ಷೆ, ಶುಚಿ, ಕರುಣಾಳು. ಚರಕೋಕ್ತ ಗುಣಗಳಲ್ಲಿ ಒಂದೂ ಕಡಿಮೆಯಿರಲಿಲ್ಲ.

ಗ್ರಾಮೀಣರೇ ಶಿಷ್ಟಭಾಷೆಯನ್ನು ಕಲಿಯಲೆಂಬುದು ಇನ್ನೊಂದು ಪೂರ್ವಪಕ್ಷ. ಪಾಠಶಾಲೆಯಲ್ಲಿ ಬೆಳೆದ ನಾನೂ ಹಾಗೆಯೇ ಎಣಿಸಿದ್ದವನು. ಆದರೆ ನೋವು ವ್ಯಾಕರಣವನ್ನು ಕಾಯುವುದಿಲ್ಲ. ಗ್ರಾಮ್ಯತ್ವವು ಕಾವ್ಯದಲ್ಲಿ ದೋಷವಾಗಬಹುದು. ರೋಗಶಯ್ಯೆಯಲ್ಲಿ ಅದೇ ಪ್ರಮಾಣವು.

ಭಾರತೀಯ ಶುಶ್ರೂಷಾ ಪರಿಷತ್ತಿನ ಬಿ.ಎಸ್‌ಸಿ. ನರ್ಸಿಂಗ್ ಪಠ್ಯಕ್ರಮವು 2021-22ರಿಂದ ಹೊಸದಾಗಿ ಬಂದಿದ್ದು, ಅದರ ಮೊದಲನೆಯ ಸೆಮಿಸ್ಟರಿನಲ್ಲಿ ‘ಕಮ್ಯುನಿಕೇಟಿವ್ ಇಂಗ್ಲಿಷ್’ ಒಂದು ವಿಷಯವಾಗಿದೆ. ಅದು ಬೇಡವೆನ್ನುವವನು ನಾನಲ್ಲ. ಗ್ರಂಥವನ್ನು ಓದಲು ಅದು ಬೇಕು. ರೋಗಿಯನ್ನು ಓದಲು ಆಯಾ ಸೀಮೆಯ ಆಡುನುಡಿ ಬೇಕು. ಹಲಸಂಗಿಯ ಗೆಳೆಯರು ಈ ನೆಲದ ಹೆಣ್ಣುಮಕ್ಕಳ ಬಾಯಿಂದ ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಎಂಬ ಗ್ರಂಥವನ್ನು ನಾವು ರಸಾಸ್ವಾದಕ್ಕಾಗಿ ಪಾಠಹೇಳುತ್ತೇವೆ. ಹೆಣ್ಣು ತನ್ನ ಬೇಗೆಯನ್ನು ಯಾವ ಮಾತಿನಲ್ಲಿ ಮರೆಮಾಡಿ ಹೇಳುತ್ತಾಳೆಂಬುದನ್ನು ದಾದಿಯರಿಗೆ ಬೋಧಿಸಲು ಇದಕ್ಕಿಂತ ಒಳ್ಳೆಯ ಪಠ್ಯವನ್ನು ನಾನು ಕಾಣೆನು. ಸಾಹಿತ್ಯೋಪಾಧ್ಯಾಯರು ಈ ಕಾರ್ಯದಲ್ಲಿ ಶುಶ್ರೂಷಾ ವಿದ್ಯಾಲಯಗಳಿಗೆ ನೆರವಾಗಬೇಕು.

ಕನ್ನಡದಲ್ಲಿಯೇ ಇಷ್ಟು ತೊಡಕಿರಲು, ತಾಂಡಾಗಳ ಲಂಬಾಣಿಯ, ಪೇಟೆಗಳ ಉರ್ದುವಿನ, ಸೊಲ್ಲಾಪುರದ ಸೀಮೆಗೆ ಹೊಂದಿದ ಇಂಡಿಯ ಕಡೆಯ ಮರಾಠಿಯ ವಿಚಾರವನ್ನು ಹೇಳಬೇಕೇ? ಕೈಸನ್ನೆಯೇ ಭಾಷೆಯಾಗಿರುವ ಕಿವುಡರ ಪಾಡೇನು? 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸಂವಹನದ ಲಕ್ಷಣದಲ್ಲಿಯೇ ಸನ್ನೆಯನ್ನೂ ಬ್ರೈಲ್ ಲಿಪಿಯನ್ನೂ ಸೇರಿಸಿದೆ. ಶಾಸನವು ಒಪ್ಪಿದುದನ್ನು ಶಿಕ್ಷಣವು ಆಚರಣೆಗೆ ತರಬೇಕು.

ಆದುದರಿಂದ ಪರಿಚಾರಕನ ನಾಲ್ಕು ಗುಣಗಳ ಮೊದಲಿಗೆ ಶುಶ್ರೂಷೆಯನ್ನು, ಅದರ ಯೋಗಾರ್ಥದಲ್ಲಿಯೇ, ಐದನೆಯ ಗುಣವಾಗಿ ಸೇರಿಸಬೇಕೆಂಬುದು ಸಿದ್ಧಾಂತವು. ಹೇಳಲಾರದವನ ಜ್ಞಾಪಕತ್ವವು ಕೇಳುವವಳ ಕಿವಿಯಲ್ಲಿದೆ. ಇತ್ಯಲಮ್.