ಡಿಸ್ಕ್ ಇಮೇಜಿನೊಳಗಿನ ಡಿ ಡ್ರೈವ್

ವಾರಾಹಿ ದಂಡೆಯ ಹಟ್ಟಿಯಂಗಡಿಗೆ ತನ್ನದೇ ಹೆಸರಿನ ಬಡಗುತಿಟ್ಟಿನ ಯಕ್ಷಗಾನ ಮೇಳವಿದೆ. ಇಂಥ ಮೇಳಗಳ ಹರಕೆ ಆಟವನ್ನು ವೀಡಿಯೊ ಮಾಡಿಸಿಟ್ಟುಕೊಳ್ಳುವುದು ಕುಂದಾಪುರದ ಕಡೆ ಮಾಮೂಲು. ಮನೆಯವರಿಗೆ ಸೀಡಿಯೋ ಪೆನ್‌ಡ್ರೈವೋ ಸಿಗುತ್ತದೆ, ಮೂಲ ಸ್ಟುಡಿಯೊದ ಹಾರ್ಡ್ ಡಿಸ್ಕಿನಲ್ಲೇ ಉಳಿಯುತ್ತದೆ. ಕಡಲ ಉಪ್ಪುಗಾಳಿ, ಮಳೆಗಾಲದ ತೇವ, ಮುಂಗಾರಿಗೆ ಮುಂಚಿನ ಸಿಡಿಲು, ಕರೆಂಟಿನ ಏರಿಳಿತ: ಡಿಸ್ಕ್ ಕೆಡಲು ಇಲ್ಲಿ ಕಾರಣಗಳಿಗೆ ಬರವಿಲ್ಲ. ಕೆಡುತ್ತಿರುವ ಡಿಸ್ಕಿನಿಂದ ಒಂದೊಂದೇ ಫೈಲ್ ಎಳೆಯುತ್ತ ಕೂರಬಾರದು. ಗ್ನೂ ಡಿಡಿರೆಸ್ಕ್ಯೂನಿಂದ ಇಡೀ ಡಿಸ್ಕನ್ನು ಒಂದೇ ಇಮೇಜ್ ಫೈಲಾಗಿ ಇಳಿಸಿಕೊಂಡು, ಮುಂದಿನ ಕೆಲಸವನ್ನೆಲ್ಲ ಆ ಪ್ರತಿಯ ಮೇಲೆ ಮಾಡುವುದೇ ಸರಿಯಾದ ಕ್ರಮ.

ತೊಡಕು ಶುರುವಾಗುವುದು ಆಮೇಲೆ. 500 ಜಿಬಿಯ ಒಂದು ಫೈಲು, ಅದರೊಳಗೆ ಸಿ, ಡಿ, ಇ ಡ್ರೈವುಗಳು. ಆಟದ ವೀಡಿಯೊ ಇರುವುದು ಡಿಯಲ್ಲಿ. ಫೈಲನ್ನು ನೇರವಾಗಿ ಮೌಂಟ್ ಮಾಡಹೋದರೆ ಲಿನಕ್ಸ್ ಒಪ್ಪುವುದಿಲ್ಲ, ಯಾಕೆಂದರೆ ಅದರ ತಲೆಯಲ್ಲಿರುವುದು ಫೈಲ್ ಸಿಸ್ಟಮ್ ಅಲ್ಲ, ಪಾರ್ಟಿಷನ್ ಟೇಬಲ್. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಮೊದಲ 512 ಬೈಟಿನ ಸೆಕ್ಟರಿನ 446ನೇ ಬೈಟಿನಿಂದ ತಲಾ 16 ಬೈಟಿನ ನಾಲ್ಕು ನಮೂದುಗಳಿಗಷ್ಟೇ ಜಾಗ. ಹಾಗಾಗಿಯೇ ಹಳೆಯ ವಿಂಡೋಸ್ ಕಂಪ್ಯೂಟರುಗಳಲ್ಲಿ ಡಿ, ಇ ಡ್ರೈವುಗಳು ಎಕ್ಸ್‌ಟೆಂಡೆಡ್ ಪಾರ್ಟಿಷನ್ನಿನ ಒಳಗೆ ಲಾಜಿಕಲ್ ಆಗಿ ಕೂತಿರುತ್ತವೆ. ಲಿನಕ್ಸ್ ಅವನ್ನು 5ರಿಂದ ಎಣಿಸುತ್ತದೆ.

ಬಹಳ ಕಾಲದಿಂದ ಹೇಳಿಕೊಡುತ್ತ ಬಂದ ದಾರಿ ಲೆಕ್ಕದ್ದು. ಎಫ್‌ಡಿಸ್ಕ್ ತೋರಿಸುವ ಆರಂಭದ ಸೆಕ್ಟರನ್ನು 512ರಿಂದ ಗುಣಿಸಿ, ಬಂದ ಸಂಖ್ಯೆಯನ್ನು ಮೌಂಟ್ ಆದೇಶಕ್ಕೆ ಆಫ್‌ಸೆಟ್ ಎಂದು ಕೊಡುವುದು. ಎಕ್ಸ್‌ಪಿ ಕಾಲದ ಡಿಸ್ಕಿನ ಮೊದಲ ಪಾರ್ಟಿಷನ್ ಸಾಮಾನ್ಯವಾಗಿ 63ನೇ ಸೆಕ್ಟರಿನಲ್ಲಿ ಶುರು, ಅಂದರೆ 32,256. ಈಚಿನವುಗಳಲ್ಲಿ 2048ನೆಯದು, ಅಂದರೆ 10,48,576. ಡಿಸ್ಕ್ ಎಂದರೇನೆಂದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಪ್ರತಿ ವಿದ್ಯಾರ್ಥಿಯೂ ಒಮ್ಮೆ ಕೈಯಾರೆ ಮಾಡಬೇಕು. ದಿನದ ಕೆಲಸಕ್ಕೆ ಮಾತ್ರ ಇದು ಸಲ್ಲದು. ಗಾತ್ರದ ಮಿತಿಯನ್ನೂ ಕೊಡದಿದ್ದರೆ, ಫೈಲನ್ನು ಡಿಸ್ಕಿನಂತೆ ತೋರಿಸುವ ಲೂಪ್ ಡಿವೈಸ್ ಇಮೇಜಿನ ಕೊನೆಯ ತನಕ ಚಾಚಿ ಪಕ್ಕದ ಪಾರ್ಟಿಷನ್ನುಗಳನ್ನೂ ಒಳಗೆ ಹಾಕಿಕೊಳ್ಳುತ್ತದೆ. ಸೆಕ್ಟರ್ 4096 ಬೈಟಿನದಾದರೆ 512ರ ಗುಣಾಕಾರವೇ ತಪ್ಪು.

ಮಲ್ಟಿಪಾತ್ ಟೂಲ್ಸ್ ಜೊತೆ ಬರುವ ಕೆಪಾರ್ಟ್‌ಎಕ್ಸ್ ಈ ಲೆಕ್ಕದ ಕಾಟ ತಪ್ಪಿಸಿತು. ಈಗ ಅದೂ ಅಷ್ಟಾಗಿ ಬೇಕಿಲ್ಲ. 2012ರ ಜನವರಿಯಲ್ಲಿ ಬಂದ ಲಿನಕ್ಸ್ 3.2ರಿಂದ ಲೂಪ್ ಡಿವೈಸಿನ ಪಾರ್ಟಿಷನ್ನುಗಳನ್ನು ಹುಡುಕುವ ಕೆಲಸವನ್ನು ಕರ್ನಲ್ಲಿಗೇ ಒಪ್ಪಿಸಬಹುದು. ಲೋಸೆಟಪ್ ಆದೇಶಕ್ಕೆ ಕ್ಯಾಪಿಟಲ್ ಪಿ ಎಂಬ ಆಯ್ಕೆ ಕೊಟ್ಟರೆ ಸಾಕು: ಲೂಪ್ ಸೊನ್ನೆ ಪಿ ಒಂದು ಸಿ ಡ್ರೈವ್, ಪಿ ಐದು ಡಿ, ಪಿ ಆರು ಇ ಎಂದು ಎಲ್ಲವೂ ಸಾಲಾಗಿ ಕಾಣಿಸಿಕೊಳ್ಳುತ್ತವೆ. ಗುಣಾಕಾರವಿಲ್ಲ, ಮಿತಿಯ ಚಿಂತೆಯಿಲ್ಲ. ವಿನ್ಯಾಸವಾಗಿ ನೋಡಿದರೆ ಮೂರರಲ್ಲಿ ಇದೇ ಶ್ರೇಷ್ಠ.

ಆದರೂ ಒಂದು ದೊಡ್ಡ ಕೊರತೆ ಇದೆ, ಅದನ್ನು ಮುಚ್ಚಿಟ್ಟು ಹೊಗಳಲಾಗದು. ಲೋಸೆಟಪ್ ತಾನಾಗಿ ತೆರೆಯುವುದು ಬರೆಯಲು ಬರುವ ಡಿವೈಸನ್ನು. ಆಮೇಲೆ ಮೌಂಟ್ ಮಾಡುವಾಗ ರೀಡ್ ಓನ್ಲಿ ಎಂದರೂ ಪೂರ್ತಿ ರಕ್ಷಣೆಯಿಲ್ಲ. ಡಿಸ್ಕ್ ಲಿನಕ್ಸ್ ಯಂತ್ರದ್ದಾಗಿ, ಕರೆಂಟ್ ಹೋಗಿ ಅರ್ಧಕ್ಕೆ ನಿಂತಿದ್ದರೆ, ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಮೊದಲು ತನ್ನ ಜರ್ನಲ್ಲನ್ನು (ಬಾಕಿ ಬರಹಗಳ ದಾಖಲೆ) ಮರಳಿ ಓಡಿಸಿ ಇಮೇಜಿನ ಮೇಲೆಯೇ ಬರೆಯುತ್ತದೆ. ಎಸ್‌ಎಚ್‌ಎ256 ಹ್ಯಾಶ್ (ಡಿಜಿಟಲ್ ಬೆರಳಚ್ಚು) ಮೌಂಟಿನ ಮುಂಚೆ ಮತ್ತು ಆಮೇಲೆ ತೆಗೆದು ಹೋಲಿಸಿದರೆ ಇದು ಬಯಲಾಗುತ್ತದೆ: ಯಾರೂ ಒಂದು ಫೈಲನ್ನೂ ಮುಟ್ಟಿಲ್ಲ, ಹ್ಯಾಶ್ ಮಾತ್ರ ಬೇರೆ. ಲೆಕ್ಕದ ಹಳೆಯ ದಾರಿಯಲ್ಲಾದರೆ ಮೌಂಟಿಗೆ ಕೊಟ್ಟ ರೀಡ್ ಓನ್ಲಿ ಲೂಪ್ ಡಿವೈಸಿಗೂ ತಾನಾಗಿ ಅನ್ವಯಿಸುತ್ತಿತ್ತು. ಅನುಕೂಲ ಹೆಚ್ಚಿದ ಹೊಸ ದಾರಿ ಆ ಕಾವಲನ್ನು ಕಳೆದುಕೊಂಡಿದೆ. ಲೋಸೆಟಪ್‌ಗೇ ಸಣ್ಣ ಆರ್ ಆಯ್ಕೆಯನ್ನೂ ಸೇರಿಸಬೇಕು. ಆಗ ಜರ್ನಲ್ ಬಾಕಿಯಿರುವ ಇಎಕ್ಸ್‌ಟಿ4 ಮೌಂಟ್ ಆಗಲೊಲ್ಲದು. ಮೌಂಟಿಗೆ ನೋಲೋಡ್ ಎಂದು ಕೊಟ್ಟರೆ ಜರ್ನಲ್ಲನ್ನು ಬಿಟ್ಟು ತೆರೆದುಕೊಳ್ಳುತ್ತದೆ.

ಹ್ಯಾಶ್ ಬದಲಾಗುವುದು ಕಾನೂನಿನ ಕಣ್ಣಲ್ಲೂ ಸಣ್ಣ ವಿಷಯವಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಡಿ ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ ನಮೂದಿಸಬೇಕು. ಕೋರ್ಟಿಗೆ ಹೋಗುವ ಇಮೇಜಿನಲ್ಲಿ ಒಂದು ಬಿಟ್ ಕದಲಿದರೂ ತಕರಾರಿಗೆ ದಾರಿ.

ಗ್ನೋಮ್ ಡಿಸ್ಕ್ಸ್ ಎಂಬ ಕಿಟಕಿಗಳಲ್ಲಿ ಕೆಲಸ ಮಾಡುವ ತಂತ್ರಾಂಶ ಈ ರೀಡ್ ಓನ್ಲಿ ವಿಷಯದಲ್ಲಿ ಮೆಚ್ಚುವಂಥ ನಿರ್ಧಾರ ಮಾಡಿದೆ. ಇಮೇಜ್ ಜೋಡಿಸುವ ಅದರ ಕಿಟಕಿಯಲ್ಲಿ ರೀಡ್ ಓನ್ಲಿ ಗುರುತು ಮೊದಲೇ ಬಿದ್ದಿರುತ್ತದೆ, ಬರೆಯಬೇಕೆನ್ನುವವರು ಅದನ್ನು ತೆಗೆಯಬೇಕು. ಟರ್ಮಿನಲ್ ಕಂಡರೆ ಹಿಂಜರಿಯುವ ಸ್ಟುಡಿಯೊದವರಿಗೆ ಧೈರ್ಯವಾಗಿ ಹೇಳಬಹುದಾದ ದಾರಿ ಇದು. ಲೋಸೆಟಪ್ ಪರವಾಗಿಯೂ ಒಂದು ಮಾತಿದೆ: ರಾಸ್ಪ್‌ಬೆರಿ ಪೈಗಳಿಗೆ ಇಮೇಜ್ ಸಿದ್ಧಪಡಿಸುವವರು ಅದೇ ಆದೇಶದಿಂದ ಬೂಟ್ ಪಾರ್ಟಿಷನ್ ತೆರೆದು ಒಳಗೆ ಬರೆಯುತ್ತಾರೆ, ಅವರಿಗೆ ಅದು ನಿತ್ಯದ ಅಗತ್ಯ. ಆದರೆ ಅವರ ಇಮೇಜ್ ಕೆಟ್ಟರೆ ಇನ್ನೊಂದು ಕಟ್ಟಿಕೊಳ್ಳಬಹುದು. ಸತ್ತ ಡಿಸ್ಕಿನಿಂದ ಹರಕೆ ಆಟದ ಇಮೇಜನ್ನು ಮತ್ತೊಮ್ಮೆ ಇಳಿಸಿಕೊಳ್ಳಲಾಗುವುದಿಲ್ಲ.