‘ಆದರೆ’ ಎಂಬ ಪದದ ಎರಡು ಅರ್ಥ: ಕಡಕೋಳದ ತತ್ವಪದಗಳೂ ನಮ್ಮ ಊಹಾಪ್ರಶ್ನೆಗಳೂ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಸಭೆಗಳಲ್ಲಿ ಸೇವೆ ಸಲ್ಲಿಸುವ ಬೋಧಕರ ಮುಂದೆ ಯುವಜನರು ಇಂದು ಇಡುವ ಪ್ರಶ್ನೆಗಳು ಹಿಂದಿನವುಗಳಂತಿಲ್ಲ. ನಾವು ಕಾಣುವ ಜಗತ್ತು ಯಾವುದೋ ಗಣಕಯಂತ್ರದೊಳಗಿನ ತೋರಿಕೆಯಾಗಿದ್ದರೆ? ನಮ್ಮದಲ್ಲದೆ ಬೇರೆ ವಿಶ್ವಗಳೂ ಇದ್ದರೆ? ಶೂನ್ಯದಿಂದ ವಿಶ್ವವು ತಾನಾಗಿಯೇ ಉಂಟಾಗಿದ್ದರೆ? ಇಂಥ ಊಹಾಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಅಹಂಕಾರದ ಹರಟೆಯೆಂದು ಬದಿಗೊತ್ತುತ್ತೇವೆ; ಇಲ್ಲವೆ ಪುಸ್ತಕದ ಸಿದ್ಧ ಉತ್ತರವೊಂದನ್ನು ಒಪ್ಪಿಸಿ ಮುಗಿಸುತ್ತೇವೆ. ಎರಡು ಬಗೆಯಲ್ಲಿಯೂ ಕೇಳಿದವರು ತಮ್ಮ ಪ್ರಶ್ನೆಯೊಡನೆ ಒಂಟಿಯಾಗಿಯೇ ಉಳಿಯುತ್ತಾರೆ. ಇದೇ ನೆಲದ ತತ್ವಪದಗಳನ್ನು ಸರಿಯಾಗಿ ಓದಿದಲ್ಲಿ ಮೂರನೆಯ ದಾರಿಯೊಂದು ಕಾಣುತ್ತದೆಂಬುದು ನಮ್ಮ ವಾದ.

ಮೊದಲು ಒಂದು ಮಾತು. ಊಹಾಪ್ರಶ್ನೆಯು ದೇವಶಾಸ್ತ್ರಕ್ಕೆ ಹೊರಗಿನದಲ್ಲ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯದಲ್ಲಿ, ಕ್ರಿಸ್ತನು ಎದ್ದೇ ಇಲ್ಲವೆಂದು ವಾದಕ್ಕಾಗಿ ಒಪ್ಪಿಕೊಂಡು, ಅದರಿಂದ ಏನೇನು ಕುಸಿಯುತ್ತದೆಂಬುದನ್ನು ಒಂದೊಂದಾಗಿ ಎಣಿಸುತ್ತಾನೆ. ಮನುಷ್ಯನು ಪಾಪಮಾಡದೆ ಇದ್ದಿದ್ದರೂ ವಾಕ್ಯವು ಶರೀರಧಾರಿಯಾಗುತ್ತಿತ್ತೇ ಎಂಬ ಪ್ರಶ್ನೆಯಲ್ಲಿ ಥಾಮಸ್ ಅಕ್ವಿನಾಸನೂ ಡನ್ಸ್ ಸ್ಕೋಟಸನೂ ಬೇರೆ ಬೇರೆ ಪಕ್ಷ ಹಿಡಿದರು. 1277ರಲ್ಲಿ ಪ್ಯಾರಿಸ್ಸಿನ ಬಿಷಪ್ ಎತಿಯೆನ್ ತಾಂಪಿಯೆ 219 ಪ್ರಮೇಯಗಳನ್ನು ಖಂಡಿಸಿದಾಗ, ದೇವರು ಅನೇಕ ಜಗತ್ತುಗಳನ್ನು ಸೃಷ್ಟಿಸಲಾರನೆಂಬ ಹೇಳಿಕೆಯೂ ಅವುಗಳಲ್ಲಿ ಸೇರಿತ್ತು. ಆಧುನಿಕ ವಿಜ್ಞಾನದ ಉದಯವನ್ನೇ ಇತಿಹಾಸಕಾರ ಪಿಯೇರ್ ದ್ಯುಹೆಮ್ ಆ ಖಂಡನೆಯಲ್ಲಿ ಕಂಡನು. ಅದು ಅತಿಶಯದ ಮಾತೆನ್ನುವವರಿದ್ದಾರೆ; ಆದರೂ ಬೇರೆ ವಿಶ್ವಗಳ ಸಾಧ್ಯತೆಯನ್ನು ಅಂದು ತೆರೆದಿಟ್ಟದ್ದು ಸಭೆಯ ಅಧಿಕಾರಿಯೇ ಎಂಬುದು ಗಮನಾರ್ಹ.

ಈಗ ನಮ್ಮ ಸೀಮೆಗೆ ಬರೋಣ. ಬಹುಕಾಲ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ ಕಡಕೋಳದ ಮಡಿವಾಳಪ್ಪನವರು ಹುಟ್ಟಿದ್ದು ಅಫಜಲಪುರ ಸೀಮೆಯ ಬಿದನೂರಿನಲ್ಲಿ ಎಂದು ಪರಂಪರೆ ಹೇಳುತ್ತದೆ. ಚನ್ನೂರಿನ ಜಲಾಲಸಾಹೇಬ, ತೆಲುಗಬಾಳದ ರೇವಪ್ಪ, ಖೈನೂರಿನ ಕೃಷ್ಣಪ್ಪ ಮೊದಲಾದವರು ಅವರ ಶಿಷ್ಯಬಳಗದವರು. ನಮ್ಮ ಸೆಮಿನರಿಗಳಲ್ಲಿ ಇವರ ಪದಗಳಿಗೆ ‘ಅದ್ವೈತ’ ಎಂಬ ಚೀಟಿಯಂಟಿಸಿ, ಜಗತ್ತನ್ನು ಅಲ್ಲಗಳೆಯುವ ಸಾಹಿತ್ಯವೆಂದು ಮುಚ್ಚಿಡುವುದು ರೂಢಿ. ಈ ಓದು ಅರೆಬರೆಯಾದುದು. ತತ್ವಪದವು ಒಬ್ಬನೇ ಕುಳಿತು ಓದುವ ಗ್ರಂಥವಲ್ಲ. ಏಕತಾರಿ ಹಿಡಿದು ರಾತ್ರಿಯಿಡೀ ಹತ್ತು ಜನ ಕೂಡಿ ಹಾಡುವಂಥದು. ಎಲ್ಲರೊಳಗೂ ಇರುವ ವಸ್ತು ಒಂದೇ ಆದರೆ ಕುಲವೆಲ್ಲಿ, ಮಡಿಯೆಲ್ಲಿ ಎಂದು ಅದು ಕೇಳುತ್ತದೆ. ಕೇಳಿದವರೊಡನೆ ಮುಸಲ್ಮಾನನಾದ ಜಲಾಲಸಾಹೇಬನನ್ನೂ ಕೂರಿಸಿಕೊಳ್ಳುತ್ತದೆ. ಸತ್ಯದ ಸ್ವರೂಪವನ್ನು ಕುರಿತ ಊಹೆಯು ಇಲ್ಲಿ ಪಂಕ್ತಿಯ ಕ್ರಮವನ್ನೇ ಬದಲಿಸಿತು.

ಕನ್ನಡದ ‘ಆದರೆ’ ಎಂಬ ಪದಕ್ಕೆ ಎರಡು ಕೆಲಸಗಳಿವೆ. ‘ಹೀಗೆ ಆದರೆ’ ಎಂದು ಅದು ಊಹೆಯನ್ನು ತೆರೆಯುತ್ತದೆ. ‘ಆದರೆ’ ಎಂದು ಆಕ್ಷೇಪವನ್ನೂ ಎತ್ತುತ್ತದೆ. ‘ಆಗಿದ್ದರೆ’ ಎಂಬುದು ಕಳೆದುಹೋದ ಸಾಧ್ಯತೆಯನ್ನು ನೆನೆದು ಅಲ್ಲಿಯೇ ನಿಂತುಬಿಡಬಹುದು. ‘ಆದರೆ’ ಎಂಬುದು ಮುಂದೇನೆಂದು ಕೇಳದೆ ಬಿಡುವುದಿಲ್ಲ. ಪೌಲನ ವಾದವೂ ಕಡಕೋಳದ ಪದವೂ ಈ ಎರಡನೆಯ ಬಗೆಯವು. ಊಹೆಯನ್ನು ಅಳೆಯಬೇಕಾದದ್ದು ಅದರ ಬೆರಗಿನಿಂದಲ್ಲ, ಕೇಳಿದವನನ್ನು ಅದು ಯಾವುದಕ್ಕೆ ಕಟ್ಟಿಹಾಕುತ್ತದೆ ಎಂಬುದರಿಂದ.

ಈ ಅಳತೆಗೋಲನ್ನು ಶೂನ್ಯದ ಪ್ರಶ್ನೆಗೆ ಹಚ್ಚಿ ನೋಡೋಣ. ಭೌತವಿಜ್ಞಾನಿಗಳು ಹೇಳುವ ನಿರ್ವಾತವು ಏನೂ ಇಲ್ಲದ ಸ್ಥಿತಿಯಲ್ಲ. ಕ್ವಾಂಟಮ್ ಕ್ಷೇತ್ರಗಳೂ ಅವುಗಳ ನಿಯಮಗಳೂ ಅಲ್ಲಿ ಇದ್ದೇ ಇರುತ್ತವೆ. ಶರಣರ ‘ಬಯಲು’ ಕೂಡ ಬರಿದಲ್ಲ. ಹೆಸರು, ರೂಪ, ಎಲ್ಲೆಗಳಿಗೆ ಸಿಕ್ಕದ ತುಂಬಿದ ತೆರವು ಅದು. ಸಭೆಯು ಹೇಳುವ ‘ಇಲ್ಲದ್ದರಿಂದ ಸೃಷ್ಟಿ’ಯಾದರೋ ಒಂದು ಪದಾರ್ಥದ ಹೆಸರೇ ಅಲ್ಲ, ಇರುವುದೆಲ್ಲವೂ ಕ್ಷಣಕ್ಷಣವೂ ದೇವರ ದಾನವೆಂಬ ಸಂಬಂಧದ ಹೆಸರು. ಈ ಮೂರನ್ನೂ ‘ಶೂನ್ಯ’ವೆಂಬ ಒಂದೇ ಪದದಿಂದ ಕರೆದು ಜಗಳವಾಡುವುದರಿಂದ ಯಾರಿಗೂ ಬೆಳಕು ಸಿಕ್ಕದು.

ಇಷ್ಟು ಮೆಚ್ಚಿದ ಮೇಲೆ ನಮ್ಮ ಆಕ್ಷೇಪವನ್ನೂ ಹೇಳಬೇಕು. ಎಲ್ಲವೂ ಕೊನೆಗೆ ಬಯಲೇ ಆದರೆ, ಹೊಡೆದವನೂ ಹೊಡೆತ ತಿಂದವನೂ ಅದರಲ್ಲಿ ಒಂದಾಗಿಬಿಡುತ್ತಾರೆ. ಊರ ಹೊರಗಿನ ಕೇರಿಗಳಲ್ಲಿ ಬೆಳೆದ ಸಭೆಗಳಿಗೆ ಈ ಸಮಾಧಾನ ಸಾಲದು. ಅವಮಾನ ಉಂಡ ದೇಹವು ತೋರಿಕೆಯಲ್ಲ. ಎದ್ದ ಕರ್ತನ ಕೈಗಳಲ್ಲಿ ಗಾಯದ ಗುರುತುಗಳು ಉಳಿದಿದ್ದವೆಂದು ಯೋಹಾನನ ಸುವಾರ್ತೆ ಸಾರುವುದು ಇದಕ್ಕಾಗಿಯೇ ಎಂದು ನಾವು ತಿಳಿಯುತ್ತೇವೆ: ಪುನರುತ್ಥಾನವು ಗಾಯವನ್ನು ಅಳಿಸುವುದಿಲ್ಲ, ಅದಕ್ಕೆ ಸಾಕ್ಷಿಯ ಸ್ಥಾನ ಕೊಡುತ್ತದೆ. ಡಾಂಭಿಕತೆಯನ್ನು ಕಂಡಲ್ಲಿ ಕೆರಳುವ ಮಡಿವಾಳಪ್ಪನವರ ಪದಗಳೂ ತಮ್ಮ ತತ್ವವನ್ನು ಈ ಕಡೆಗೇ ತಿದ್ದುತ್ತವೆ. ಅನ್ಯಾಯವೂ ಬಯಲೇ ಎಂದು ನಂಬಿದವನಿಗೆ ಅಷ್ಟು ಸಿಟ್ಟು ಬರಲಾರದು.

ಆದ್ದರಿಂದ ಜಗತ್ತು ಗಣಕಯಂತ್ರದ ತೋರಿಕೆಯಾಗಿದ್ದರೆ ಎಂದು ಕೇಳುವ ಹುಡುಗನನ್ನು ಬೋಧಕರು ಗದರಿಸಬೇಕಾಗಿಲ್ಲ. ಹಾಗಾದರೆ ಮುಂದೇನು ಎಂದು ಅವನೊಡನೆಯೇ ಕೇಳಲಿ. ಮೋಸಹೋಗುವುದಕ್ಕಾದರೂ ನಾನು ಇರಲೇಬೇಕೆಂದು ಆಗಸ್ಟೀನನು ಸಂದೇಹವಾದಿಗಳಿಗೆ ಉತ್ತರಿಸಿದ್ದನು. ನಾವು ಅದಕ್ಕೆ ಇಷ್ಟನ್ನು ಸೇರಿಸುತ್ತೇವೆ: ತೋರಿಕೆಯ ಜಗತ್ತಿನಲ್ಲಿಯೂ ನೆರೆಯವನ ಹಸಿವು ಅವನಿಗೆ ಹಸಿವೇ, ಅವನಿಗೆ ರೊಟ್ಟಿ ಕೊಡಬೇಕಾದ ಹೊಣೆ ಯಾವ ಊಹೆಯಿಂದಲೂ ನಮ್ಮಿಂದ ಇಳಿಯದು. ಆ ಹೊಣೆಯನ್ನು ಒಪ್ಪಿಕೊಂಡವರು ಎಷ್ಟು ದೂರದ ಪ್ರಶ್ನೆಯನ್ನಾದರೂ ಕೇಳಲಿ. ಅದನ್ನು ಒಟ್ಟಿಗೆ ಕೂತು ಕೇಳುವ ಜಾಗ ಸಭೆಯಲ್ಲಿಯೇ ಇರಬೇಕು.