ನಲಿ-ಕಲಿ ಕೊಠಡಿಯಲ್ಲಿ ಮೇಷ್ಟ್ರು

ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಲ್ಲಿ ಕಾರ್ಡು, ಗುಂಪುಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯನ್ನು ನಾವು ಸಾಮಾನ್ಯವಾಗಿ ಮಗುವಿನ ಕಡೆಯಿಂದ ಅಳೆಯುತ್ತೇವೆ: ಓದಲು ಬಂತೇ, ಕೂಡಿ ಕಳೆಯಲು ಬಂತೇ, ಮಗು ಶಾಲೆ ಬಿಡದೆ ಉಳಿಯಿತೇ. ಅದೇ ಕೊಠಡಿಯಲ್ಲಿ ದಿನವಿಡೀ ಇರುವ ಮೇಷ್ಟ್ರ ಕಡೆಯಿಂದ, ಅದರಲ್ಲೂ ಆಟಿಸಂ, ಡಿಸ್ಲೆಕ್ಸಿಯಾ ಅಥವಾ ಎಡಿಎಚ್‌ಡಿ ಇರುವ ಮೇಷ್ಟ್ರ ಕಡೆಯಿಂದ ಅಳೆದರೆ ಸಿಗುವ ಉತ್ತರ ಬೇರೆ. ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆಯಂಥ ಹೋಬಳಿಗೆ ಈ ಅಳತೆ ತೀರ ಅಗತ್ಯ. ಒಬ್ಬಿಬ್ಬರೇ ಇಡೀ ಶಾಲೆ ನಡೆಸುವ ಊರಿನಲ್ಲಿ ಮೇಷ್ಟ್ರು ಸೋತರೆ ಪಕ್ಕದ ಕೊಠಡಿಯಿಂದ ಬಂದು ಕೈಹಿಡಿಯುವವರು ಇರುವುದಿಲ್ಲ.

ಪದ್ಧತಿಯ ಕಟ್ಟೋಣ ಇಂಥವರಿಗೆ ಒಲಿಯುವಂಥದ್ದೇ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಇದು ಶುರುವಾದಾಗ ಶಿಕ್ಷಕರೇ ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿಬಂದು ಕಾರ್ಡುಗಳನ್ನು ರೂಪಿಸಿದ್ದರು. ಕಲಿಕೆಯ ಹಂತಗಳನ್ನು ಕ್ರಮವಾಗಿ ತೋರಿಸುವ ಕಲಿಕಾ ಏಣಿ, ಅದರಲ್ಲಿ ಮೈಲಿಗಲ್ಲುಗಳು, ಪ್ರತಿ ಕಾರ್ಡಿಗೂ ಒಂದು ಲೋಗೊ. ಮುಂದೇನು ಎಂಬುದು ಮೊದಲೇ ಗೊತ್ತಿದ್ದರೆ ನಿರಾಳವಾಗುವ ಆಟಿಸಂ ಇರುವವರಿಗೆ ಆ ಏಣಿ ದೊಡ್ಡ ಆಸರೆ. ಅಕ್ಷರಗಳು ತಡವರಿಸುವ ಡಿಸ್ಲೆಕ್ಸಿಯಾದವರಿಗೆ ಕರಿಹಲಗೆಯ ಮೇಲೆ ಪುಟಗಟ್ಟಲೆ ಬರೆಯುವ ಕಷ್ಟವಿಲ್ಲ. ಚಾಪೆಯ ಮೇಲೆ ಕೂತು ಮಾತಿನಲ್ಲೇ ಕಲಿಸಬಹುದು.

ತೊಡಕಿರುವುದು ಐದು ತಟ್ಟೆಗಳಲ್ಲಿ. ಶಿಕ್ಷಕರ ಪೂರ್ಣ ನೆರವಿನ ಗುಂಪಿನಿಂದ ಸ್ವಕಲಿಕೆಯ ಗುಂಪಿನವರೆಗೆ ಐದು ಗುಂಪು, ಐದು ಬಗೆಯ ಗದ್ದಲ, ಒಂದೇ ಹೊತ್ತಿನಲ್ಲಿ. ಒಂದರಿಂದ ಇನ್ನೊಂದಕ್ಕೆ ಗಮನ ಕಿತ್ತು ನೆಡುತ್ತಲೇ ಇರಬೇಕು. ತಲೆಯ ಮೇಲೆ ಮಕ್ಕಳ ಕೆಲಸಗಳನ್ನು ತೂಗುಹಾಕಿದ ಕಲಿಕಾ ಚಪ್ಪರ ಅಲ್ಲಾಡುತ್ತಿರುತ್ತದೆ, ಗೋಡೆ ತುಂಬ ಚಿತ್ರ. ಸದ್ದು ಮತ್ತು ನೋಟ ಎರಡೂ ಮೈಮೇಲೆ ಬಿದ್ದಂತಾಗುವವರಿಗೆ ಮಧ್ಯಾಹ್ನದ ಊಟದ ಗಂಟೆಯ ಹೊತ್ತಿಗೇ ಶಕ್ತಿ ಮುಗಿದಿರುತ್ತದೆ. ಅದರ ಮೇಲೆ ಮಕ್ಕಳ ಕಲಿಕೆಯ ದಾಖಲೆಯಾದ ಪ್ರಗತಿ ನೋಟ ತುಂಬುವುದು ಬೇರೆ. ಚಪ್ಪರವನ್ನು ಅರ್ಧಕ್ಕೆ ಇಳಿಸಿ, ಮೊದಲ ಅವಧಿಗೆ ಎರಡೇ ಗುಂಪು ಮಾಡಿ, ದಾಖಲೆಯನ್ನು ಗುರುತು ಹಾಕುವ ಪಟ್ಟಿಗೆ ತಂದರೆ ನಲಿ-ಕಲಿ ಕೆಡುವುದಿಲ್ಲ. ಹಾಗೆ ಮಾಡಲು ಅನುಮತಿ ಇದೆ ಎಂದು ಮೇಷ್ಟ್ರಿಗೆ ಯಾರಾದರೂ ಹೇಳಬೇಕು, ಅಷ್ಟೇ.

ಅದನ್ನು ಹೇಳಬೇಕಾದದ್ದು ತರಬೇತಿ. ನನ್ನ ಮುಖ್ಯ ತಕರಾರು ಅಲ್ಲಿದೆ. 2009-10ರಲ್ಲಿ ಪದ್ಧತಿ ರಾಜ್ಯದ ತುಂಬ ಹರಡಿದಾಗ ಕಾರ್ಡು ಮುದ್ರಣವಾಗಿ ಬಂತು. ತರಬೇತಿ ಸಂಪನ್ಮೂಲ ವ್ಯಕ್ತಿಯಿಂದ ಸಂಪನ್ಮೂಲ ವ್ಯಕ್ತಿಗೆ ಇಳಿದು ಬಂತು. ಕಿಕ್ಕಿರಿದ ಸಭಾಂಗಣ, ಅಭಿನಯ ಗೀತೆ, ಗುಂಪು ಚರ್ಚೆ, ಚಾರ್ಟ್ ಬರೆದು ಎದ್ದುನಿಂತು ಮಂಡನೆ. ಇದು ಒಂದೇ ಬಗೆಯ ಮನಸ್ಸಿಗೆ ಹೊಂದುವ ತರಬೇತಿ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತವರು ಸೋಮಾರಿ ಎನಿಸಿಕೊಳ್ಳುತ್ತಾರೆ. ಮಕ್ಕಳು ಬೇರೆ ಬೇರೆ ಬಗೆಯಲ್ಲಿ ಕಲಿಯುತ್ತಾರೆಂದು ಸಾರುವ ಪದ್ಧತಿ ತನ್ನ ಶಿಕ್ಷಕರ ವಿಷಯದಲ್ಲಿ ಅದನ್ನು ಮರೆಯುವುದು ಅನ್ಯಾಯ.

ಕಾನೂನು ಮಾತ್ರ ಮರೆತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 21 ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತು. 34ನೇ ಸೆಕ್ಷನ್ನಿನಲ್ಲಿ ಸರ್ಕಾರಿ ಹುದ್ದೆಗಳ ಮೀಸಲಾತಿ ಕೊಟ್ಟಿತು. 20ನೇ ಸೆಕ್ಷನ್ನಿನಲ್ಲಿ ನೌಕರರಿಗೆ ಸೂಕ್ತ ಹೊಂದಾಣಿಕೆ ಒದಗಿಸಬೇಕೆಂದಿತು. ಎಡಿಎಚ್‌ಡಿ ಆ ಪಟ್ಟಿಯಲ್ಲಿಲ್ಲ, ಅದು ದೊಡ್ಡ ಕೊರತೆ. ಇನ್ನೊಂದು ಕೊರತೆ ಸರ್ಟಿಫಿಕೇಟಿನದು. ಕಲಿಕಾ ನ್ಯೂನತೆ ಅಳೆಯಲು 2018ರಲ್ಲಿ ಬಂದ ಮಾರ್ಗಸೂಚಿ 8, 14, 18 ವರ್ಷದ ಲೆಕ್ಕದಲ್ಲಿತ್ತು. ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಯೂ ಮಕ್ಕಳಿಗಾಗಿಯೇ. ಈಗ ನಲವತ್ತು ದಾಟಿದ ಮೇಡಂ ತಾವು ಓದುವಾಗ ಯಾರೂ ಗುರುತಿಸದ ತೊಂದರೆಯನ್ನು ಇವತ್ತು ಯಾವ ಕಾಗದದಿಂದ ತೋರಿಸಬೇಕು? ಆದ್ದರಿಂದ ಬೆಂಬಲಕ್ಕೆ ಸರ್ಟಿಫಿಕೇಟನ್ನು ಷರತ್ತಾಗಿಸಬಾರದು.

ಆ ಬೆಂಬಲ ಹೇಗಿರಬಹುದು ಎಂಬುದಕ್ಕೆ ಒಂದು ಮಾದರಿ ಇದೆ. ಯಹೂದಿ ಪಾಠಶಾಲೆಗಳಲ್ಲಿ ಹೆವ್ರುತಾ ಎಂಬ ಹಳೆಯ ರೂಢಿಯಿದೆ: ಇಬ್ಬರು ಎದುರುಬದುರು ಕೂತು, ಒಂದೇ ಪಠ್ಯವನ್ನು ಗಟ್ಟಿಯಾಗಿ ಓದಿ, ವಾದಿಸುತ್ತ ಕಲಿಯುವುದು. ಗುಂಪಿನಲ್ಲಿ ಬಾಯಿ ಬಿಡಲಾಗದವರು ಒಬ್ಬರ ಮುಂದೆ ಬಿಡಬಲ್ಲರು. ಬರಹ ಎಡವುವವರಿಗೆ ಕಿವಿ ನೆರವಾಗುತ್ತದೆ. ನಮ್ಮ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಇಂಥ ಜೋಡಿಗಳಿಗೆ ಹೇಳಿಮಾಡಿಸಿದ ಜಾಗ. ಸುತ್ತೋಲೆ ಓದಿ ಅಂಕಿಅಂಶ ಕೇಳುವುದರಲ್ಲೇ ಅದು ಕಳೆಯದೆ, ಒಂದು ಗಂಟೆ ಶಿಕ್ಷಕರು ಇಬ್ಬಿಬ್ಬರಾಗಿ ಕೂತು ಒಂದು ಮೈಲಿಗಲ್ಲಿನ ಕಾರ್ಡುಗಳನ್ನು ಹರವಿಕೊಳ್ಳಲಿ. ವಿಶೇಷ ಮಕ್ಕಳಿಗಾಗಿ ತಾಲ್ಲೂಕಿನಲ್ಲಿರುವ ಬಿಐಇಆರ್‌ಟಿ ಶಿಕ್ಷಕರು ಶಾಲೆಗೆ ಬಂದಾಗ, ಮಗುವನ್ನು ನೋಡಿದ ಮೇಲೆ, ಮೇಷ್ಟ್ರನ್ನೂ ಖಾಸಗಿಯಾಗಿ ಕೇಳಲಿ: ನಿಮಗೆ ಈ ಕೊಠಡಿಯಲ್ಲಿ ಏನು ಬದಲಾಗಬೇಕು? ಮಂಡ್ಯದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ತನ್ನ ಮುಂದಿನ ತರಬೇತಿ ಕೈಪಿಡಿಯಲ್ಲಿ ಆ ಪ್ರಶ್ನೆಗೆ ಒಂದು ಪುಟ ಕೊಡಲಿ.